ಕೋಣೆಯೂ ಹಾಡುತ್ತದೆ



ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಕೇಳಿಸಿದ ಸ್ಟೀರಿಯೊ ಮನೆಗೆ ಬಂದ ಮೇಲೆ ಯಾಕೆ ಹೀಗೆ ಗದ್ದಲ ಮಾಡುತ್ತದೆ ಎಂದು ಕೇಳುವವರು ಬಹಳ ಮಂದಿ. ಹಾಡಿನ ಸಾಹಿತ್ಯ ತಿಳಿಯುವುದಿಲ್ಲ. ಮೃದಂಗದ ಪೆಟ್ಟುಗಳು ಒಂದರ ಮೇಲೊಂದು ಬೀಳುತ್ತವೆ. ದನಿ ಏರಿಸಿದರೆ ಕಿವಿಗೆ ಚುಚ್ಚುತ್ತದೆ, ಇಳಿಸಿದರೆ ಮಾತೇ ಹಿಡಿಯುವುದಿಲ್ಲ. ಸೆಟ್ಟಿನಲ್ಲೇ ದೋಷ ಎಂದುಕೊಂಡು ಕೆಲವರು ಅದನ್ನು ಮಾರಿಬಿಡುತ್ತಾರೆ. ಇನ್ನು ಕೆಲವರು ಮತ್ತಷ್ಟು ದುಬಾರಿ ಸ್ಪೀಕರ್ ತರುತ್ತಾರೆ, ದಪ್ಪ ವೈರ್ ಎಳೆಸುತ್ತಾರೆ, ಆಂಪ್ಲಿಫೈಯರ್ ಬದಲಿಸುತ್ತಾರೆ. ದೂರು ಮಾತ್ರ ಹಾಗೆಯೇ ಉಳಿಯುತ್ತದೆ. ಅಂಗಡಿಯವರು ನಿಮಗೆ ಸ್ಪೀಕರ್ ಮಾರಿದರು. ಅದನ್ನು ಕೇಳಿಸಿದ ಕೋಣೆಯನ್ನು ಮಾರಲಿಲ್ಲ. ಆ ಕೋಣೆಯಲ್ಲಿ ನೆಲಕ್ಕೆ ಕಾರ್ಪೆಟ್ ಇತ್ತು, ಗೋಡೆಗೆ ದಪ್ಪ ಪರದೆ ಇತ್ತು, ಕೂರಲು ಮೆತ್ತನೆಯ ಸೋಫಾ ಇತ್ತು. ನಿಮ್ಮ ಹಾಲ್‌ನಲ್ಲಿ ಟೈಲ್ಸ್ ಇದೆ, ಗಾಜು ಇದೆ, ನುಣ್ಣಗೆ ಬಣ್ಣ ಬಳಿದ ಗೋಡೆ ಇದೆ.

ಇವತ್ತಿನ ನನ್ನ ಮಾತು ಆ ಕೋಣೆಯ ಬಗ್ಗೆ. ನಾವು ಕೇಳುವ ಸಂಗೀತದಲ್ಲಿ ಸ್ಪೀಕರಿನ ಪಾಲು ಎಷ್ಟಿದೆಯೋ ಗೋಡೆ, ನೆಲ, ಚಾವಣಿಗಳ ಪಾಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಮೊದಲ ಪಾಲಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ಎರಡನೆಯದನ್ನು ತಿರುಗಿ ನೋಡುವುದೂ ಇಲ್ಲ. ಅದನ್ನು ಸರಿಪಡಿಸುವ ಸಾಮಾನು ಬಹುಪಾಲು ನಮ್ಮ ಮನೆಯಲ್ಲೇ ಬಿದ್ದಿರುತ್ತದೆ.

ಈಗ ನಾನು ಕುಳಿತಿರುವ ಸ್ಟುಡಿಯೊವನ್ನೇ ನೋಡಿ. ಗೋಡೆಗೆ ತೂತು ತೂತಾದ ಹಲಗೆ, ಅದರ ಹಿಂದೆ ನಾರಿನ ಹಾಸು, ಕಾಲ ಕೆಳಗೆ ಕಾರ್ಪೆಟ್. ನನ್ನ ಬಾಯಿಂದ ಹೊರಟ ಮಾತು ನೇರವಾಗಿ ಮೈಕನ್ನು ತಲುಪುತ್ತದೆ. ಗೋಡೆಗೆ ಬಡಿದು ಮತ್ತೊಮ್ಮೆ ಬರುವುದು ತೀರ ಕಡಿಮೆ. ಅದೇ ಮಾತು ನಿಮ್ಮ ರೇಡಿಯೊದಿಂದ ಹೊರಬಿದ್ದ ಕೂಡಲೇ ನಿಮ್ಮ ಮನೆಯ ಗೋಡೆಗಳು ಅದಕ್ಕೆ ತಮ್ಮದನ್ನು ಸೇರಿಸುತ್ತವೆ. ಅಡುಗೆಮನೆಯಲ್ಲಿ ಕೇಳುವವರಿಗೆ ಒಂದು ದನಿ, ಹಾಲ್‌ನಲ್ಲಿ ಕೂತವರಿಗೆ ಒಂದು ದನಿ, ಕಾರಿನಲ್ಲಿ ಹೋಗುತ್ತಿರುವವರಿಗೆ ಇನ್ನೊಂದು. ಸಂಗೀತದ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಕಚೇರಿ ನಡೆದ ಸಭಾಂಗಣದ ಗುಂಗು ಧ್ವನಿಮುದ್ರಣದಲ್ಲೇ ಅಡಕವಾಗಿರುತ್ತದೆ. ಇಲ್ಲವಾದರೆ ಎಷ್ಟು ಬೇಕೋ ಅಷ್ಟನ್ನು ಸ್ಟುಡಿಯೊದಲ್ಲಿ ಅಳೆದು ಬೆರೆಸಿರುತ್ತಾರೆ. ಅದರ ಮೇಲೆ ನಿಮ್ಮ ಕೋಣೆಯ ಗುಂಗೂ ಸೇರಿದರೆ, ಗಾಯಕರು ಕೊಟ್ಟ ಗಮಕದ ಅಂಚು ಅಳಿಸಿಹೋಗುತ್ತದೆ.

ನಿಮ್ಮ ಕೋಣೆ ಎಂಥದು ಎಂದು ತಿಳಿಯಲು ಉಪಕರಣ ಬೇಡ. ಫ್ಯಾನ್ ಆರಿಸಿ, ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಸುಮ್ಮನೆ ಆಲಿಸಿ. ಚಪ್ಪಾಳೆ ಅಲ್ಲೇ ಮುಗಿದರೆ ಕೋಣೆ ಒಳ್ಳೆಯದು. ಅದು ತುಸು ಹೊತ್ತು ಗಾಳಿಯಲ್ಲೇ ನಿಂತು ನಿಧಾನವಾಗಿ ಕರಗಿದರೆ ಅದಕ್ಕೆ ಅನುರಣನ ಎನ್ನುತ್ತಾರೆ; ನಾನು ಗುಂಗು ಎನ್ನುತ್ತಿರುವುದು ಇದನ್ನೇ. ಚಪ್ಪಾಳೆಯ ಹಿಂದೆಯೇ ‘ಝರ್ರ್’ ಎಂಬ ಲೋಹದಂಥ ಸದ್ದು ಓಡಿಬಂದರೆ, ಎದುರುಬದುರು ನಿಂತ ಎರಡು ಬರಿ ಗೋಡೆಗಳ ನಡುವೆ ಸದ್ದು ಹಿಂದೆ ಮುಂದೆ ಬಡಿದಾಡುತ್ತಿದೆ ಎಂದರ್ಥ. ಗೋಡೆಗಳ ನಡುವೆ 12 ಅಡಿ ಇದ್ದರೆ ಸದ್ದು ಸೆಕೆಂಡಿಗೆ ಸುಮಾರು 47 ಸಲ ಹೋಗಿಬರುತ್ತದೆ. ಮೂರನೆಯ ದೋಷ ಚಪ್ಪಾಳೆಗೆ ಸಿಗುವುದಿಲ್ಲ. ಅದು ಮಂದ್ರದ್ದು, ಕೋಣೆಯ ಒಂದು ಜಾಗದಲ್ಲಿ ಬೇಸ್ ಗುಮ್ಮೆನ್ನುತ್ತದೆ, ಎರಡು ಹೆಜ್ಜೆ ಸರಿದರೆ ಇಲ್ಲವಾಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕುವುದರಿಂದಲೇ ಬಹಳ ಜನರ ಹಣ ವ್ಯರ್ಥವಾಗುವುದು.

ಈ ದೂರು ಈಚೆಗೆ ಹೆಚ್ಚಾಗಿರುವುದಕ್ಕೆ ಕಾರಣ ನಾವು ಮನೆ ಕಟ್ಟುವ ರೀತಿ. ಹಳೆಯ ಮನೆಗಳ ನೆಲವೂ ಗಟ್ಟಿಯದೇ. ಗಾರೆಯಾಗಲಿ ರೆಡ್ ಆಕ್ಸೈಡ್ ಆಗಲಿ ಸದ್ದನ್ನು ಹೀರುವುದಿಲ್ಲ. ಆದರೆ ತೊಟ್ಟಿಮನೆಯ ನಡುಭಾಗ ಆಕಾಶಕ್ಕೆ ತೆರೆದಿತ್ತು. ಚಾವಣಿಯ ಹೆಂಚುಗಳ ನಡುವೆ ಸಂದಿತ್ತು. ಮೂಲೆಯಲ್ಲಿ ಭತ್ತದ ಮೂಟೆ, ಸುತ್ತಿಟ್ಟ ಹಾಸಿಗೆ, ಗಳದ ಮೇಲೆ ಹರವಿದ ಬಟ್ಟೆ ಇರುತ್ತಿದ್ದವು. ಹೋದ ಸದ್ದಿಗೆ ಹಿಂದಿರುಗುವ ದಾರಿ ಕಡಿಮೆಯಿತ್ತು. ಈಗಿನ ಹಾಲ್‌ನ ಆರೂ ಮುಖ ಗಟ್ಟಿ: ಕೆಳಗೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಮೇಲೆ ಆರ್‌ಸಿಸಿ, ಸುತ್ತ ಸಿಮೆಂಟು ಗಾರೆಯ ಗೋಡೆ, ಒಂದು ಬದಿಗೆ ದೊಡ್ಡ ಗಾಜು. ಸಾಮಾನು ಕಡಿಮೆಯಿದ್ದಷ್ಟೂ ಮನೆ ಚೆಂದ ಎಂಬ ಅಭಿರುಚಿ ಬೇರೆ. ಕಣ್ಣಿಗೆ ಬಿಡುವಾಗಿ ಕಾಣುವ ಹಾಲ್ ಕಿವಿಗೆ ಗಲಾಟೆಯ ಹಾಲ್ ಆಗುತ್ತದೆ.

ಕೋಣೆಯ ಗುಂಗನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿ ಫಾಗ್ ಕಲಾ ಸಂಗ್ರಹಾಲಯ ಹೊಸದಾಗಿ ತೆರೆಯಿತು. ಅದರ ಉಪನ್ಯಾಸ ಕೊಠಡಿಯಲ್ಲಿ ಪಾಠ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡು ಕೇಳಿಸುತ್ತಲೇ ಇರುತ್ತಿತ್ತು; ಅಷ್ಟರಲ್ಲಿ ಮುಂದಿನ ಹತ್ತಾರು ಮಾತು ಬಂದು ಅದರ ಮೇಲೆ ಬೀಳುತ್ತಿದ್ದವು. ಇದನ್ನು ಸರಿಮಾಡಿಕೊಡಿ ಎಂದು ವಿಶ್ವವಿದ್ಯಾಲಯದವರು ಆ ತರುಣನಿಗೆ ಹೇಳಿದರು. ಹಗಲಿನಲ್ಲಿ ಊರಿನ ಗದ್ದಲ ಇರುತ್ತದೆಂದು ಸಬೈನ್ ರಾತ್ರಿ ಕೆಲಸಕ್ಕೆ ಕೂತರು. ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಕೇಳಿಸದಂತಾಗುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ತಂದು ಸ್ವಲ್ಪ ಸ್ವಲ್ಪವಾಗಿ ಕೊಠಡಿಯಲ್ಲಿ ಹರಡಿ, ಪ್ರತಿಸಲವೂ ಅಳೆದರು. ಮೆತ್ತೆ ಹೆಚ್ಚಿದಂತೆ ಗುಂಗು ಕುಗ್ಗುತ್ತ ಹೋಯಿತು. ಆ ರಾತ್ರಿಗಳ ಫಲವಾಗಿ ಹುಟ್ಟಿದ ಸೂತ್ರದ ಆಧಾರದ ಮೇಲೆಯೇ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಎದ್ದಿತು. ಲೋಕದ ಉತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದು ಇಂದಿಗೂ ನಿಂತಿದೆ.

ಸಬೈನರ ಸೂತ್ರ ಸರಳ. ಕೋಣೆ ದೊಡ್ಡದಾದಷ್ಟೂ ಗುಂಗು ಹೆಚ್ಚು. ಸದ್ದನ್ನು ಹೀರುವ ಸಾಮಾನು ಹೆಚ್ಚಿದಷ್ಟೂ ಗುಂಗು ಕಡಿಮೆ. ಹೀರಿಕೆಯನ್ನು ಅವರು ಅಳೆದದ್ದು ತೆರೆದ ಕಿಟಕಿಯ ಲೆಕ್ಕದಲ್ಲಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ತಿರುಗಿ ಬರುವುದಿಲ್ಲ. ಆದ್ದರಿಂದ ಒಂದು ಚದರ ಅಡಿ ತೆರೆದ ಕಿಟಕಿ ಎಂದರೆ ಒಂದು ಪೂರ್ತಿ ಅಂಕ. ಗಾರೆಯ ಗೋಡೆ, ಟೈಲ್ಸ್ ನೆಲ ಅದರ ನೂರರಲ್ಲಿ ಎರಡು ಮೂರು ಪಾಲು ಮಾತ್ರ ಹೀರುತ್ತವೆ. ಉಳಿದ 97 ಪಾಲು ನಿಮ್ಮ ಕಿವಿಗೇ ವಾಪಸು.

ನಮ್ಮಲ್ಲಿ ಸಾಮಾನ್ಯವಾದ ಒಂದು ಹಾಲ್ ಇಟ್ಟುಕೊಂಡು ಲೆಕ್ಕ ಹಾಕೋಣ. ಉದ್ದ 15 ಅಡಿ, ಅಗಲ 12, ಎತ್ತರ 10. ಒಟ್ಟು 1800 ಘನ ಅಡಿ. ನೆಲ 180 ಚದರ ಅಡಿ, ಚಾವಣಿ 180, ನಾಲ್ಕು ಗೋಡೆ ಸೇರಿ 540. ಎಲ್ಲ ಕೂಡಿ 900 ಚದರ ಅಡಿ. ನೂರಕ್ಕೆ ಮೂರರಂತೆ ಹಿಡಿದರೆ ಇಷ್ಟೆಲ್ಲ ಸೇರಿ ಹೀರುವುದು 27 ಚದರ ಅಡಿ ಕಿಟಕಿಯಷ್ಟು. ಅಡಿಯ ಅಳತೆಯಲ್ಲಿ ಸಬೈನ್ ಸೂತ್ರವೆಂದರೆ, ಘನ ಅಡಿಯನ್ನು 0.049ರಿಂದ ಗುಣಿಸಿ, ಬಂದದ್ದನ್ನು ಹೀರಿಕೆಯಿಂದ ಭಾಗಿಸುವುದು. 88ನ್ನು 27ರಿಂದ ಭಾಗಿಸಿ. ಮೂರು ಸೆಕೆಂಡಿಗೂ ಹೆಚ್ಚು. ಬಾಗಿಲು, ಬೀರು, ಮನೆಯ ಜನ ಎಲ್ಲ ಸೇರಿ ಇದು ಎರಡು ಸೆಕೆಂಡಿಗೆ ಇಳಿಯಿತೆಂದೇ ಇಟ್ಟುಕೊಳ್ಳಿ. ಎರಡು ಸೆಕೆಂಡಿನಲ್ಲಿ ನಾವು ಹತ್ತು ಅಕ್ಷರ ಆಡಿರುತ್ತೇವೆ. ಆ ಹತ್ತೂ ಅಕ್ಷರ ಒಟ್ಟಿಗೆ ಗಾಳಿಯಲ್ಲಿ ಇರುತ್ತವೆ. ಸ್ವರಗಳು ಜೋರಾಗಿ, ಉದ್ದವಾಗಿ ನಿಲ್ಲುತ್ತವೆ. ವ್ಯಂಜನಗಳು ಕ್ಷಣಮಾತ್ರದವು, ಮೆಲುವಾದವು. ಹಿಂದಿನ ಸ್ವರದ ಗುಂಗು ಮುಂದಿನ ವ್ಯಂಜನವನ್ನು ನುಂಗುತ್ತದೆ. ರಾಗ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ ಎಂಬ ದೂರಿನ ಮೂಲ ಇದು.

ಮನೆಯಲ್ಲಿ ಸಂಗೀತ ಕೇಳುವ ಕೋಣೆಗೆ ಗುಂಗು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಹಿತ. ನಮ್ಮ ಹಾಲ್ ಅಲ್ಲಿಗೆ ಇಳಿಯಬೇಕಾದರೆ ಎಷ್ಟು ಹೀರಿಕೆ ಬೇಕು? ಸುಮಾರು 176 ಚದರ ಅಡಿ. ಅಂದರೆ ಇಡೀ ಚಾವಣಿಯನ್ನೇ ತೆಗೆದು ಆಕಾಶಕ್ಕೆ ತೆರೆದಿಟ್ಟಷ್ಟು! ಈ ಒಂದು ಅಂಕಿ ಮನಸ್ಸಿನಲ್ಲಿದ್ದರೆ ಎಷ್ಟೋ ತಪ್ಪು ತಪ್ಪುತ್ತದೆ. ಗೋಡೆಗೆ ಅಂಗೈಯಗಲದ ನಾಲ್ಕು ಸ್ಪಂಜಿನ ತುಂಡು ಅಂಟಿಸಿ, ಏನೂ ವ್ಯತ್ಯಾಸವಾಗಲಿಲ್ಲ ಎನ್ನುವವರಿಗೆ ಉತ್ತರ ಇಲ್ಲಿದೆ. ಬೇಕಾದದ್ದು ವಿಸ್ತೀರ್ಣ.

ಹಾಗಾದರೆ ಎಲ್ಲಿಂದ ತರುವುದು? ಗೋಡೆಯ 12 ಅಡಿ ಅಗಲಕ್ಕೂ 9 ಅಡಿ ಎತ್ತರದ ದಪ್ಪ ಪರದೆ ಇಳಿಬಿಡಿ. ಪರದೆ ಬಿಗಿಯಾಗಿ ಚಪ್ಪಟೆಯಾಗಿರಬಾರದು. ಗೋಡೆಯ ಅಗಲಕ್ಕೆ ಎರಡರಷ್ಟು ಬಟ್ಟೆ ಕೊಂಡು ಮಡಿಕೆ ಮಡಿಕೆಯಾಗಿ ಬೀಳುವಂತೆ, ಗೋಡೆಯಿಂದ ನಾಲ್ಕೈದು ಅಂಗುಲ ಮುಂದೆ ನೇತುಹಾಕಬೇಕು. ಹಾಗಿದ್ದರೆ ಅದು ಮಧ್ಯಮ ಸ್ಥಾಯಿಯ ಸದ್ದಿನ ಅರ್ಧವನ್ನು ಹೀರುತ್ತದೆ. ನಮ್ಮ ಖಾತೆಗೆ 54 ಅಂಕ. ನೆಲಕ್ಕೆ 8 ಅಡಿಗೆ 6 ಅಡಿಯ ದಪ್ಪ ಕಾರ್ಪೆಟ್, 12 ಅಂಕ. ಮೆತ್ತೆಯ ಸೋಫಾದಲ್ಲಿ ಐದು ಜನಕ್ಕೆ ಜಾಗವಿದ್ದರೆ 20. ಕೂತು ಕೇಳುವ ಇಬ್ಬರು ಮನುಷ್ಯರು, ತಲಾ ನಾಲ್ಕರಂತೆ 8. ಸಭಾಂಗಣ ತುಂಬಿದಾಗ ಗುಂಗು ಕಡಿಮೆಯಾಗುವುದು ಇದರಿಂದಲೇ. ಖಾಲಿ ಮದುವೆ ಛತ್ರದಲ್ಲಿ ಮೈಕು ಪರೀಕ್ಷಿಸಿದವರಿಗೆ ಇದು ಗೊತ್ತು. ಇಷ್ಟಕ್ಕೆ ಬರಿ ಕೋಣೆಯ 27 ಸೇರಿಸಿದರೆ 121. ಗುಂಗು ಮುಕ್ಕಾಲು ಸೆಕೆಂಡಿಗೆ ಇಳಿಯಿತು. ಇದುವರೆಗೆ ನಾವು ತಂದದ್ದೆಲ್ಲ ಮನೆಗೆ ಹೇಗೂ ಬೇಕಾದ ಸಾಮಾನೇ.

ಕಾರ್ಪೆಟ್ ಬೇಡವೆನ್ನುವವರಿಗೆ ಜಮಖಾನ ಇದೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಹೆಸರಾದದ್ದು. ಆದರೆ ಹತ್ತಿಯ ಜಮಖಾನ ತೆಳು. ಒಂಟಿಯಾಗಿ ಹಾಸಿದರೆ ಹೆಚ್ಚು ಹೀರುವುದಿಲ್ಲ. ಕೆಳಗೆ ಒಂದು ಹಳೆಯ ಕಂಬಳಿ ಹಾಸಿ ಮೇಲೆ ಅದನ್ನು ಹರಡಿದರೆ ಕೆಲಸ ಮಾಡುತ್ತದೆ. ಕುರಿಯ ಉಣ್ಣೆಯ ನಮ್ಮ ಒರಟು ಕಂಬಳಿಯಂತೂ ಇದಕ್ಕೆ ಹೇಳಿಮಾಡಿಸಿದ ಸಾಮಾನು. ಸದ್ದು ಎಂದರೆ ಗಾಳಿಯ ಅಲುಗಾಟ. ಅದು ನಾರುಗಳ ನಡುವೆ ನುಗ್ಗಿದಾಗ ಉಜ್ಜಾಟದಲ್ಲಿ ತನ್ನ ಶಕ್ತಿ ಕಳೆದುಕೊಂಡು ಅತಿ ಸೂಕ್ಷ್ಮ ಪ್ರಮಾಣದ ಶಾಖವಾಗುತ್ತದೆ. ಆದ್ದರಿಂದ ಬಟ್ಟೆಯೊಳಗೆ ಗಾಳಿ ಹೋಗುವಂತಿರಬೇಕು. ಒಂದು ಪರೀಕ್ಷೆ: ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಆಚೆ ದಾಟಿದರೆ ಸದ್ದೂ ಒಳಗೆ ಹೋಗುತ್ತದೆ. ರೆಕ್ಸಿನ್, ಪ್ಲಾಸ್ಟಿಕ್ ಹೊದಿಕೆಗಳಿಗೆ ಈ ಗುಣವಿಲ್ಲ.

ಇನ್ನು ಬೇಕಾದ ಐವತ್ತು ಚಿಲ್ಲರೆ ಅಂಕಕ್ಕೆ ಬಡಗಿಯ ಸಹಾಯ ಪಡೆಯಬಹುದು. 4 ಅಡಿಗೆ 2 ಅಡಿಯ ಮರದ ಚೌಕಟ್ಟು. ಒಳಗೆ 2 ಅಂಗುಲ ದಪ್ಪದ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಹಲಗೆ. ಮೇಲೆ ತೆಳುವಾದ ಖಾದಿ ಬಟ್ಟೆ. ಇಂಥವು ಆರು ಇದ್ದರೆ 43 ಅಂಕ. ಒಟ್ಟು 164, ಗುಂಗು ಅರ್ಧ ಸೆಕೆಂಡಿನ ಹತ್ತಿರ ಬಂತು. ಗೋಡೆಗೆ ಒತ್ತಿ ಬಡಿಯಬೇಡಿ, ಹಿಂದೆ ಎರಡು ಅಂಗುಲ ಬಿಡಿ. ಆಗ ಇನ್ನಷ್ಟು ಕೆಳಗಿನ ಸ್ಥಾಯಿಯನ್ನೂ ಅದು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೂ ಆ ಸಂದು ಬೇಕು. ಗಾಜಿನ ನಾರು ಚರ್ಮಕ್ಕೆ ತುರಿಕೆ ತರುತ್ತದೆ. ಕೈಗವಸು ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕು. ಈ ಲೆಕ್ಕವೆಲ್ಲ ಮೂಲತಃ ದೊಡ್ಡ ಸಭಾಂಗಣಗಳಿಗಾಗಿ ಹುಟ್ಟಿದ್ದು. ಚಿಕ್ಕ ಕೋಣೆಗೆ, ಅದರಲ್ಲೂ ಮಂದ್ರಕ್ಕೆ, ಇದು ಅಂದಾಜು ಮಾತ್ರ ಎಂಬುದು ನೆನಪಿರಲಿ.

ಆರು ಚೌಕಟ್ಟುಗಳನ್ನು ಎಲ್ಲಿ ತೂಗುಹಾಕಬೇಕು? ಇಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿಗೆ ಒಂದು ಅಡಿ ಚಿಲ್ಲರೆ. ಸ್ಪೀಕರ್ ನಿಮ್ಮಿಂದ ಏಳು ಅಡಿ ದೂರದಲ್ಲಿದ್ದು, ಪಕ್ಕದ ಗೋಡೆಗೆ ತಾಕಿ ಬರುವ ದಾರಿ ಹನ್ನೊಂದು ಅಡಿಯಾದರೆ, ಆ ಎರಡನೆಯ ಸದ್ದು ಮೂರೂವರೆ ಮಿಲಿಸೆಕೆಂಡು ತಡವಾಗಿ ಬರುತ್ತದೆ. ಇಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿ ಎಂದು ಗುರುತಿಸುವುದಿಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ಪರೀಕ್ಷಿಸಿ ತೋರಿಸಿದರು: ಸುಮಾರು ಮೂವತ್ತು ಮಿಲಿಸೆಕೆಂಡಿನೊಳಗೆ ಬರುವ ಮರುಸದ್ದನ್ನು ನಾವು ಮೊದಲ ಸದ್ದಿನೊಂದಿಗೇ ಬೆಸೆದು ಕೇಳುತ್ತೇವೆ, ದಿಕ್ಕನ್ನು ಮಾತ್ರ ಮೊದಲು ಬಂದದ್ದರಿಂದ ನಿರ್ಧರಿಸುತ್ತೇವೆ. ಬೆಸೆದು ಕೇಳುತ್ತೇವೆ ಎಂದರೆ ಹಾನಿಯಿಲ್ಲ ಎಂದಲ್ಲ. ಎರಡು ಸದ್ದು ಬೆರೆತಾಗ ಕೆಲವು ಸ್ವರ ಹಿಗ್ಗುತ್ತದೆ, ಕೆಲವು ಕುಗ್ಗುತ್ತದೆ. ನಡುವೆ ಕೂತು ಹಾಡುವಂತೆ ಕೇಳಿಸಬೇಕಾದ ಗಾಯಕರು ಅತ್ತಿತ್ತ ಹರಡಿಹೋಗುತ್ತಾರೆ.

ಈ ಮೊದಲ ಬಡಿತದ ಜಾಗಗಳನ್ನು ಹುಡುಕಲು ಒಂದು ಕನ್ನಡಿ ಸಾಕು. ನೀವು ಕೇಳುವ ಜಾಗದಲ್ಲಿ ಕುಳಿತುಕೊಳ್ಳಿ. ಮನೆಯವರೊಬ್ಬರು ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ, ನಿಮ್ಮ ಕಿವಿಯ ಎತ್ತರದಲ್ಲಿ ನಿಧಾನವಾಗಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಎರಡು ಸ್ಪೀಕರ್, ಎರಡು ಪಕ್ಕದ ಗೋಡೆ. ನಾಲ್ಕು ಗುರುತು ಸಿಗುತ್ತವೆ. ನಾಲ್ಕು ಚೌಕಟ್ಟು ಅಲ್ಲಿಗೆ, ಉಳಿದೆರಡು ನಿಮ್ಮ ತಲೆಯ ಹಿಂದಿನ ಗೋಡೆಗೆ. ನೆಲದ ಮೇಲಿನ ಬಡಿತ ಸ್ಪೀಕರಿಗೂ ನಿಮಗೂ ನಡುವೆ ಬೀಳುತ್ತದೆ. ಕಾರ್ಪೆಟ್ಟಿನ ಜಾಗ ಅದೇ, ಸೋಫಾದ ಕೆಳಗಲ್ಲ. ಪಕ್ಕದ ಗೋಡೆಗಳ ನಡುವೆ ಇದ್ದ ‘ಝರ್ರ್’ ಸದ್ದೂ ಇದರಿಂದಲೇ ಬಹುಮಟ್ಟಿಗೆ ನಿಲ್ಲುತ್ತದೆ. ಒಂದು ಬದಿಗೆ ತುಂಬಿದ ಪುಸ್ತಕದ ಕಪಾಟು ಇದ್ದರಂತೂ ಒಳ್ಳೆಯದು. ಎತ್ತರ ತಗ್ಗಿನ ಪುಸ್ತಕಗಳು ಸದ್ದನ್ನು ಸ್ವಲ್ಪ ಹೀರಿ, ಉಳಿದದ್ದನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತವೆ. ಆದರೆ ಕಪಾಟಿಗೆ ಗಾಜಿನ ಬಾಗಿಲು ಬೇಡ.

ಇಷ್ಟೆಲ್ಲ ಮಾಡುವ ಮೊದಲು, ಒಂದು ಕಾಸೂ ಖರ್ಚಿಲ್ಲದ ಕೆಲಸ ಇದೆ: ಸ್ಪೀಕರ್ ಮತ್ತು ಕುರ್ಚಿಯನ್ನು ಸರಿಸುವುದು. ನಮ್ಮ ಮನೆಗಳಲ್ಲಿ ಒಂದು ಸ್ಪೀಕರ್ ಶೋಕೇಸಿನ ಮೇಲೆ, ಇನ್ನೊಂದು ಮೂಲೆಯಲ್ಲಿ ನೆಲದ ಮೇಲೆ ಇರುವುದು ಅಪರೂಪವಲ್ಲ. ಟಿವಿಯ ಎರಡು ಬದಿಗೆ ಗಾಜಿನ ಗೂಡಿನೊಳಗೆ ತುರುಕಿದ್ದೂ ಉಂಟು. ಎರಡೂ ಒಂದೇ ಎತ್ತರದಲ್ಲಿರಬೇಕು. ತಾರಸ್ಥಾಯಿಯನ್ನು ನುಡಿಸುವ ಚಿಕ್ಕ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಈ ಮೂರೂ ಸಮಬಾಹು ತ್ರಿಕೋನವಾಗಬೇಕು. ಸ್ಪೀಕರುಗಳ ನಡುವೆ ಆರು ಅಡಿ ಇದ್ದರೆ ನಿಮಗೂ ಅವುಗಳಿಗೂ ಆರು ಅಡಿ. ಹಿಂದಿನ ಗೋಡೆಯಿಂದ ಅಡಿ, ಒಂದೂವರೆ ಅಡಿ ಮುಂದಕ್ಕೆ ಎಳೆಯಿರಿ. ಮೂಲೆಯಿಂದಂತೂ ಹೊರಗೆ ತನ್ನಿ. ಮೂರು ಗಟ್ಟಿ ಮುಖ ಕೂಡುವ ಆ ಜಾಗದಲ್ಲಿ ಬೇಸ್ ವಿಪರೀತ ಉಬ್ಬುತ್ತದೆ.

ಇನ್ನೊಂದು ಮಾತು: ಹತ್ತಿರ ಕೂತುಕೊಳ್ಳಿ. ಸ್ಪೀಕರಿನಿಂದ ನೇರ ಬರುವ ಸದ್ದು ದೂರ ಹೋದಂತೆ ಕ್ಷೀಣಿಸುತ್ತದೆ; ಕೋಣೆಯ ಗುಂಗು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಮ್ಮ ಬರಿ ಹಾಲ್‌ನಲ್ಲಿ ಸಾಮಾನ್ಯ ಸ್ಪೀಕರಿನಿಂದ ಸುಮಾರು ಎರಡು ಅಡಿ ದಾಟಿದರೆ ಗೋಡೆಯದೇ ಮೇಲುಗೈ. ಗುಂಗನ್ನು ಅರ್ಧ ಸೆಕೆಂಡಿಗೆ ಇಳಿಸಿದ ಮೇಲೆ ಆ ಗಡಿ ನಾಲ್ಕು ಅಡಿಗೆ ಸರಿಯುತ್ತದೆ. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ ಎನ್ನುವವರು ಕುರ್ಚಿಯನ್ನು ಮುಂದಕ್ಕೆಳೆದು ನಾಲ್ಕು ಅಡಿಯ ತ್ರಿಕೋನ ಮಾಡಿಕೊಂಡು, ದನಿ ಇಳಿಸಿ ಕೇಳಿ ನೋಡಲಿ. ಬೇರೆ ಯಾವ ಉಪಾಯವೂ ಇಷ್ಟು ಬೇಗ ಫಲ ಕೊಡುವುದಿಲ್ಲ.

ಈಗ ಮೂರನೆಯ ದೋಷ, ಮಂದ್ರ. ಬಾನಿಯ ನೀರನ್ನು ತಕ್ಕ ಲಯದಲ್ಲಿ ತಳ್ಳಿದರೆ ಅದು ಅಂಚಿನಿಂದ ಅಂಚಿಗೆ ತೂಗುತ್ತದಲ್ಲ, ಕೋಣೆಯ ಗಾಳಿಯೂ ಹಾಗೆ ಕೆಲವು ಸ್ವರಗಳಿಗೆ ತೂಗುತ್ತದೆ. ಆ ಸ್ವರ ಯಾವುದೆಂದು ಗೋಡೆಗಳ ಅಂತರ ನಿರ್ಧರಿಸುತ್ತದೆ. 565ನ್ನು ಅಡಿಯಿಂದ ಭಾಗಿಸಿದರೆ ಉತ್ತರ. 15 ಅಡಿಗೆ ಸುಮಾರು 38 ಹರ್ಟ್ಸ್, 12 ಅಡಿಗೆ 47, 10 ಅಡಿಗೆ 56. ಮತ್ತೆ ಅವುಗಳ ಎರಡರಷ್ಟು, ಮೂರರಷ್ಟು. ಈ ಸ್ವರಗಳು ಬಂದಾಗಲೆಲ್ಲ ಗೋಡೆಯ ಬಳಿ ಅಬ್ಬರ; ಮೊದಲು ಹೇಳಿದ ಮೂರು ಸ್ವರಗಳಿಗಂತೂ ಕೋಣೆಯ ನಟ್ಟನಡುವೆ ಶೂನ್ಯ. ಉದ್ದ, ಅಗಲ, ಎತ್ತರ ಮೂರೂ ಹತ್ತು ಹತ್ತು ಅಡಿಯಿದ್ದರೆ ಮೂರು ಅಬ್ಬರವೂ ಒಂದೇ ಸ್ವರದ ಮೇಲೆ ಬೀಳುತ್ತವೆ. ಸಂಗೀತಕ್ಕೆಂದು ಕೋಣೆ ಆರಿಸುವ ಅವಕಾಶವಿದ್ದರೆ ಚೌಕ ಕೋಣೆಯನ್ನು ಬಿಡಿ.

ಇಲ್ಲಿ ಪರದೆ, ಕಾರ್ಪೆಟ್ ಕೈಕೊಡುತ್ತವೆ. 100 ಹರ್ಟ್ಸಿನ ಒಂದು ಅಲೆಯ ಉದ್ದ ಹನ್ನೊಂದು ಅಡಿಗೂ ಹೆಚ್ಚು. ಅರ್ಧ ಅಂಗುಲದ ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅಮೆರಿಕದ ಪುಸ್ತಕಗಳ ಸಲಹೆ ನಮಗೆ ಪೂರ್ತಿ ಹೊಂದದಿರುವುದೂ ಇಲ್ಲೇ. ಅಲ್ಲಿಯ ಮನೆಗಳಲ್ಲಿ ಗೋಡೆಯೆಂದರೆ ಬಹುಪಾಲು ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಬೇಸ್ ಬಂದಾಗ ಅದು ತಾನೂ ಕಂಪಿಸಿ ಒಂದಷ್ಟನ್ನು ನುಂಗುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟು ಕದಲುವುದಿಲ್ಲ, ಅಷ್ಟನ್ನೂ ಹಿಂದಿರುಗಿಸುತ್ತದೆ. ಆದರೆ ನಮಗೆ ಅಲ್ಲಿಯವರಿಗಿಲ್ಲದ ಒಂದು ಅನುಕೂಲ ಇದೆ: ವರ್ಷದ ಬಹುಭಾಗ ಕಿಟಕಿ ತೆರೆದಿಡಬಹುದು. ಮಂದ್ರವೂ ಸೇರಿ ಎಲ್ಲ ಸ್ಥಾಯಿಯನ್ನೂ ಹೊರಗೆ ಬಿಡುವ ಅಗ್ಗದ ಸಾಧನ ಅದೇ. ಸೊಳ್ಳೆಯ ಭಯವಿದ್ದರೆ ಜಾಲರಿ ಹಾಕಿಸಿ. ಜಾಲರಿ ಸದ್ದನ್ನು ತಡೆಯುವುದಿಲ್ಲ. ರಸ್ತೆಯ ಗಲಾಟೆ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದ ಮನೆಗೆ ಹೋಗುತ್ತದೆ, ಅದು ನಿಜ. ಆಗ ಒಳಬಾಗಿಲುಗಳನ್ನಾದರೂ ತೆರೆದಿಡಿ.

ಉಳಿದಂತೆ ಮಂದ್ರಕ್ಕೆ ದಪ್ಪವೇ ಮದ್ದು. ಮನೆಯಲ್ಲಿ ಹಳೆಯ ಹತ್ತಿ ಹಾಸಿಗೆಗಳಿದ್ದರೆ ಸುರುಳಿ ಸುತ್ತಿ, ಸ್ಪೀಕರುಗಳ ಹಿಂದಿನ ಎರಡು ಮೂಲೆಗಳಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲೊಂದು ಒಳ್ಳೆಯ ಬಟ್ಟೆ ಹೊದಿಸಿ. ಬೇಸಿನ ಒತ್ತಡ ಅತಿ ಹೆಚ್ಚಿರುವುದು ಮೂಲೆಯಲ್ಲಿ. ಎರಡಡಿ ದಪ್ಪದ ಹತ್ತಿ ಅಲ್ಲಿದ್ದರೆ ನೂರರ ಆಸುಪಾಸಿನ ಸ್ವರಗಳ ಅಬ್ಬರ ತಗ್ಗುತ್ತದೆ. ತೀರ ಕೆಳಗಿನ ನಲವತ್ತು ಐವತ್ತು ಹರ್ಟ್ಸಿಗೆ ಇದೂ ಸಾಲದು. ಅಲ್ಲಿ ಜಾಗ ಬದಲಿಸುವುದೇ ಮುಖ್ಯ ದಾರಿ. ನಿಮ್ಮ ಕುರ್ಚಿ ಹಿಂಗೋಡೆಗೆ ಒತ್ತಿರಬಾರದು, ಕೋಣೆಯ ಸರಿನಡುವೆಯೂ ಇರಬಾರದು. ಸಬ್‌ವೂಫರ್ ಇದ್ದವರಿಗೆ ಒಂದು ಉಪಾಯ: ಅದನ್ನು ನಿಮ್ಮ ಕುರ್ಚಿಯ ಮೇಲಿಟ್ಟು ಬೇಸ್ ಹೆಚ್ಚಿರುವ ಹಾಡು ಹಾಕಿ, ನೀವು ಗೋಡೆಯಂಚಿನಲ್ಲಿ ಬಗ್ಗಿ ಕಿವಿಗೊಡುತ್ತ ಸುತ್ತಿ. ಎಲ್ಲಿ ಬೇಸ್ ಅಬ್ಬರಿಸದೆ, ಸೊರಗದೆ ಕೇಳಿಸುತ್ತದೋ ಅಲ್ಲಿ ಅದನ್ನು ಇಡಿ.

ಮಾಡಬಾರದ್ದು ಕೆಲವಿವೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದು ಹಳೆಯ ನಂಬಿಕೆ. ತೆಳುವಾದ ಆ ರಟ್ಟು ಹೀರುವುದು ಅತ್ಯಲ್ಪ. ಬೆಂಕಿ ತಗುಲಿದರೆ ಮಾತ್ರ ಭಗ್ಗೆಂದು ಉರಿಯುತ್ತದೆ. ಥರ್ಮಾಕೋಲ್ ಕೂಡ ಬೇಡ. ಅದರೊಳಗೆ ಗಾಳಿ ಇದೆ, ಆದರೆ ಓಡಾಡಲು ದಾರಿಯಿಲ್ಲ. ಒಂದು ಅಂಗುಲದ ಫೋಮ್ ಮೇಲಿನ ಸ್ಥಾಯಿಯನ್ನಷ್ಟೇ ಹೀರಿ ಬೇಸನ್ನು ಹಾಗೆಯೇ ಬಿಡುತ್ತದೆ. ಇಡೀ ಕೋಣೆಗೆ ಅದನ್ನೇ ಹೊದಿಸಿದರೆ ಹಾಡು ಮಂಕಾಗಿ, ಗುಮ್ಮೆನ್ನುವುದು ಇನ್ನೂ ಎದ್ದು ಕೇಳಿಸುತ್ತದೆ. ದೇವರ ದೀಪ, ಸ್ವಿಚ್‌ಬೋರ್ಡಿನ ಬಳಿ ಪರದೆ, ಫೋಮ್ ಯಾವುದೂ ಬರಕೂಡದು. ಇನ್ನು, ಇವುಗಳಿಂದ ಪಕ್ಕದ ಮನೆಯ ಮಿಕ್ಸಿಯ ಸದ್ದು ನಿಲ್ಲುತ್ತದೆಂದು ತಿಳಿಯಬೇಡಿ. ಒಳಗಿನ ಗುಂಗು ಹೀರುವುದು ಬೇರೆ, ಹೊರಗಿನ ಸದ್ದು ತಡೆಯುವುದು ಬೇರೆ. ಎರಡನೆಯದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು.

ಮೊಬೈಲಿನಲ್ಲಿ ಈಕ್ವಲೈಜರ್ ಇದೆಯಲ್ಲ, ಇಷ್ಟು ಕಷ್ಟ ಯಾಕೆ ಎಂದು ಕಿರಿಯರು ಕೇಳಬಹುದು. ಕೋಣೆ ಉಬ್ಬಿಸುವ ಒಂದೆರಡು ಮಂದ್ರ ಸ್ವರಗಳನ್ನು ಅದರಿಂದ ತಗ್ಗಿಸಬಹುದು, ಧಾರಾಳವಾಗಿ ತಗ್ಗಿಸಿ. ಆದರೆ ಶೂನ್ಯವಾದ ಸ್ವರವನ್ನು ಏರಿಸಲು ಹೋಗಬೇಡಿ. ಎಷ್ಟು ಸುರಿದರೂ ಅಲ್ಲಿ ಅದು ಅಷ್ಟೇ ರದ್ದಾಗುತ್ತದೆ, ಆಂಪ್ಲಿಫೈಯರಿಗೆ ದಣಿವು ಮಾತ್ರ. ಇನ್ನು ಗುಂಗಿನ ಉದ್ದಕ್ಕೆ ಯಾವ ಗುಂಡಿಯೂ ಇಲ್ಲ. ಸ್ಪೀಕರಿನಿಂದ ಹೊರಟ ಮೇಲೆ ಸದ್ದು ಗೋಡೆಯ ವಶ.

ಗುಂಗೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ವಿಜಯಪುರದ ಗೋಳಗುಮ್ಮಟಕ್ಕೆ ನಾವು ಹೋಗುವುದೇ ಒಂದು ಕೂಗು ಹಲವಾಗಿ ತಿರುಗಿ ಬರುವುದನ್ನು ಕೇಳಲು. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗುವುದನ್ನು 1921ರಲ್ಲಿ ಪರೀಕ್ಷಿಸಿದ ಸಿ. ವಿ. ರಾಮನ್ ನಮ್ಮ ಗೋಳಗುಮ್ಮಟವನ್ನೂ ಅಭ್ಯಾಸ ಮಾಡಿದರು. ಆದರೆ ಅಲ್ಲಿ ಕೂತು ದ್ರುತ ಲಯದ ತಾನಗಳನ್ನು ಕೇಳಲಾಗದು. ಬಾಸ್ಟನ್ನಿನ ಸಭಾಂಗಣದ ಗುಂಗು ಎರಡು ಸೆಕೆಂಡಿನ ಹತ್ತಿರ. ನೂರು ವಾದ್ಯಗಳ ಮೇಳಕ್ಕೆ ಅದು ಬೇಕು. ಆ ಸಭಾಂಗಣದಲ್ಲಿ ಮುದ್ರಿಸಿದ ಸಂಗೀತವನ್ನು ಮನೆಯಲ್ಲಿ ಕೇಳುವಾಗ ಆ ಗುಂಗು ಮುದ್ರಣದೊಳಗಿಂದಲೇ ಬರುತ್ತದೆ. ನಮ್ಮ ಟೈಲ್ಸ್ ಅದಕ್ಕೆ ಸೇರಿಸಬೇಕಾದದ್ದು ಏನೂ ಇಲ್ಲ.

ಹಾಗೆಂದು ಅತಿಗೂ ಹೋಗಬೇಡಿ. ಗುಂಗನ್ನು ಪೂರ್ತಿ ಕೊಂದರೆ ಕೋಣೆಯಲ್ಲಿ ಸಂಗೀತ ಸೊರಗುತ್ತದೆ, ಮನೆಮಂದಿ ಮಾತಾಡಿದರೂ ಕಿವಿ ಕಟ್ಟಿದಂತಾಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಮೊದಲು ಸ್ಪೀಕರ್, ಕುರ್ಚಿ ಸರಿಸಿ. ಒಂದು ವಾರ ಬಿಟ್ಟು ನೆಲಕ್ಕೆ ಹಾಸಿ, ಗೋಡೆಗೆ ಪರದೆ ಇಳಿಬಿಡಿ. ಆಮೇಲೆ ಕನ್ನಡಿ ಹಿಡಿದು ಗುರುತು ಮಾಡಿ ಚೌಕಟ್ಟು ತೂಗಿಸಿ. ಕಡೆಗೆ ಮೂಲೆಯ ಹಾಸಿಗೆ. ಪ್ರತಿ ಹಂತದಲ್ಲೂ ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಹಾಡನ್ನು, ಒಂದೇ ಮಟ್ಟದ ದನಿಯಲ್ಲಿ ಹಾಕಿ ಕೇಳಿ. ಸಾಹಿತ್ಯದ ಪ್ರತಿ ಅಕ್ಷರವೂ ಬಿಡಿಯಾಗಿ ತಿಳಿಯುತ್ತಿದೆಯೇ, ತಂಬೂರಿಯ ಶ್ರುತಿ ಗಾಯನದ ಹಿಂದೆ ಬೇರೆಯಾಗಿ ನಿಂತಿದೆಯೇ, ಮೃದಂಗದ ಎಡ ಬಲ ಬೇರ್ಪಟ್ಟಿವೆಯೇ, ಈ ಮೂರನ್ನೇ ಗಮನಿಸಿ. ಮೂರಕ್ಕೂ ಹೌದು ಎಂಬ ಉತ್ತರ ಬಂದ ಹಂತದಲ್ಲಿ ನಿಲ್ಲಿಸಿ. ಪಟ್ಟಿಯಲ್ಲಿ ಇನ್ನೂ ಎರಡು ಕೆಲಸ ಉಳಿದಿದ್ದರೂ ಚಿಂತೆಯಿಲ್ಲ. ಹಾಲ್ ಮನೆಯವರೆಲ್ಲರದು, ಪರದೆಯ ಬಣ್ಣ, ಚೌಕಟ್ಟಿನ ಬಟ್ಟೆ ಅವರನ್ನು ಕೇಳಿಯೇ ಆರಿಸಿ, ಇಲ್ಲವಾದರೆ ನಿಮ್ಮ ಏರ್ಪಾಟು ಮುಂದಿನ ಹಬ್ಬದವರೆಗೂ ಉಳಿಯುವುದಿಲ್ಲ.

ಇಷ್ಟಾದ ಮೇಲೂ ಹೊಸ ಸ್ಪೀಕರ್ ಬೇಕೆನಿಸಿದರೆ ಖಂಡಿತ ಕೊಳ್ಳಿ. ಅಂಗಡಿಯಲ್ಲಿ ಕೇಳಿದ್ದಕ್ಕೂ ಮನೆಯಲ್ಲಿ ಕೇಳುವುದಕ್ಕೂ ಆಗ ಅಷ್ಟು ದೂರವಿರುವುದಿಲ್ಲ; ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ನಿಮ್ಮ ಕಿವಿಗೇ ತಿಳಿಯುತ್ತದೆ.